ಸಂಕ ಕಟ್ಟುತ್ತಿದ್ದ ಗೆಳೆಯ

ಮಂಗಳೂರಿನಿಂದ ಚಾರ್ಮಾಡಿ ಘಟ್ಟ ಹತ್ತಿ ಮೂಡಿಗೆರೆಯ ಕಡೆಗೆ ಹೋಗುವವರು ಕಕ್ಕಿಂಜೆಯನ್ನು ಹಾದೇ ಹೋಗಬೇಕು. ಆದರೆ ಹಾದು ಹೋದವರೆಲ್ಲ ಅದನ್ನು ಕಂಡರೆಂದು ಹೇಳಲಾಗದು. ಉಜಿರೆ ಕಳೆದು, ಮುಂಡಾಜೆ ದಾಟಿ, ಘಟ್ಟದ ನೀಲಿ ಗೋಡೆ ಇನ್ನೇನು ಕೈಗೆ ಎಟುಕಿತು ಎನ್ನುವಲ್ಲಿ ರಸ್ತೆಯ ಎರಡು ಬದಿಗಳಲ್ಲಿ ಅಂಗಡಿಗಳ ಸಾಲು, ಬಸ್ಸು ನಿಲ್ಲುವ ಜಾಗ, ಅದರಾಚೆಗೆ ಅಡಕೆಯ ತೋಟಗಳು. ಪ್ರಯಾಣಿಕನ ಕಣ್ಣಿಗೆ ಬೀಳುವ ಕಕ್ಕಿಂಜೆ ಇಷ್ಟೇ. ನಾನು ಬಲ್ಲ ಕಕ್ಕಿಂಜೆ ರಸ್ತೆಯನ್ನು ಬಿಟ್ಟು ಕೆಳಗಿಳಿದ ಮೇಲೆ, ತೋಡುಗಳ ಆಚೆಗೆ ಇದೆ. ಆ ತೋಡುಗಳಲ್ಲಿ ಒಂದರ ಮೇಲೆ, ಅರುವತ್ತು ವರ್ಷಗಳಿಗೂ ಹಿಂದೆ, ವರ್ಷವರ್ಷವೂ ಸಂಕ ಕಟ್ಟುತ್ತಿದ್ದ ಹುಡುಗನೊಬ್ಬನ ವಿಚಾರವನ್ನು ಇಲ್ಲಿ ಬರೆಯಹೊರಟಿದ್ದೇನೆ.

ಅವನು ನನ್ನ ಬಾಲ್ಯದ ಗೆಳೆಯ. ೧೯೭೧ರ ಡಿಸೆಂಬರಿನ ಯುದ್ಧದಲ್ಲಿ ಮಡಿದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವನ ತಂಗಿಯ ಮನೆಯವರಿಗೆ ಅದು ಇಷ್ಟವಿಲ್ಲ. ಅವರ ಮಾತನ್ನು ಮೀರುವ ಅಧಿಕಾರ ನನಗಿಲ್ಲ. ಶಾಲೆಯಲ್ಲಿ ನಾವು ಅವನನ್ನು ‘ಮೇಸ್ತ್ರಿ’ ಎಂದು ಕರೆಯುತ್ತಿದ್ದೆವು. ಈ ಬರಹಕ್ಕೂ ಆ ಹೆಸರೇ ಸಾಕು.

ಬಯಲುಸೀಮೆಯ ಓದುಗರಿಗೆ ಸಂಕವೆಂದರೇನೆಂದು ಹೇಳಬೇಕಾದೀತು. ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಒಂದೊಂದು ಮನೆಯೂ ಒಂದೊಂದು ದ್ವೀಪ. ಘಟ್ಟದ ಮೇಲೆ ಸುರಿದ ಮಳೆ ಸಾವಿರ ತೋಡುಗಳಾಗಿ ಇಳಿದು ಮೃತ್ಯುಂಜಯಾ ಹೊಳೆಯನ್ನು ಕೂಡುತ್ತದೆ. ಆ ಹೊಳೆ ಪಜಿರಡ್ಕದಲ್ಲಿ ನೇತ್ರಾವತಿಗೆ ಸೇರುತ್ತದೆ. ಬೇಸಿಗೆಯಲ್ಲಿ ಪಾದ ನೆನೆಯದೆ ದಾಟಬಹುದಾದ ತೋಡು ಆಷಾಢದಲ್ಲಿ ಎಮ್ಮೆಯನ್ನೂ ಹೊತ್ತೊಯ್ಯುತ್ತದೆ. ಅದನ್ನು ದಾಟಲು ಊರವರು ಮಾಡಿಕೊಳ್ಳುವ ಕಾಲುಸೇತುವೆಯೇ ಸಂಕ. ಫಲ ನಿಂತ ಅಡಕೆಮರಗಳನ್ನು ಕಡಿದು, ಮೂರು ನಾಲ್ಕು ಕಾಂಡಗಳನ್ನು ಒತ್ತೊತ್ತಾಗಿ ದಡದಿಂದ ದಡಕ್ಕೆ ಹಾಸಿ, ಬಳ್ಳಿಯಿಂದ ಬಿಗಿದು, ತುದಿಗಳಿಗೆ ಕಲ್ಲು ಹೇರಿ, ಪಕ್ಕದಲ್ಲಿ ಕೈ ಆಧಾರಕ್ಕೆ ಒಂದು ಬಿದಿರನ್ನು ಕಟ್ಟಿದರೆ ಸಂಕವಾಯಿತು. ಪತ್ತನಾಜೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ದೈವಗಳ ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ನಿಲ್ಲುತ್ತವೆ. ಅಷ್ಟರೊಳಗೆ ಸಂಕವೂ ಮುಗಿದಿರಬೇಕು. ಮುಂದಿನ ಮಳೆಗಾಲಕ್ಕೆ ಹಳೆಯ ಕಾಂಡ ಕೊಳೆತಿರುತ್ತದೆ, ಮತ್ತೆ ಹೊಸತು.

ಮೇಸ್ತ್ರಿಯ ತಂದೆ ಅವನಿಗೆ ಹತ್ತು ವರ್ಷವಾಗಿದ್ದಾಗ ತೀರಿಕೊಂಡರು. ಆ ವರ್ಷದ ಸಂಕವನ್ನು ನೆರೆಯವರು ಕಟ್ಟಿಕೊಟ್ಟರು. ಮರುವರ್ಷ ಅವನು ಯಾರನ್ನೂ ಕೇಳಲಿಲ್ಲ. ತಾನೇ ಬಳ್ಳಿ ತಂದ, ತಾನೇ ಅಳತೆ ನೋಡಿದ, ಕಾಂಡಗಳನ್ನು ಎತ್ತಿ ಹಾಕುವಷ್ಟಕ್ಕೆ ಮಾತ್ರ ಇಬ್ಬರು ದೊಡ್ಡವರನ್ನು ಕರೆದ. ಸಂಕ ಮುಗಿದ ಮೇಲೆ ಅದರ ನಡುವೆ ನಿಂತು ಮೂರು ಸಲ ಕುಪ್ಪಳಿಸಿದ. ಅವನ ತಾಯಿ ದಡದಲ್ಲಿ ನಿಂತು ಬೈದರು. ಆಕೆ ದಾಟುವ ಮೊದಲು ಹಗ್ಗ ಬಿಗಿಯಾಗಿದೆಯೆಂದು ತಾನು ತಿಳಿಯಬೇಡವೇ ಎಂದು ಅವನು ಉತ್ತರ ಕೊಟ್ಟ. ಅಂದಿನಿಂದ ಅವನಿಗೆ ಮೇಸ್ತ್ರಿಯೆಂಬ ಹೆಸರು ಬಂತು.

ನಾನು ಅಂಜುಬುರುಕ. ನಮ್ಮ ಮನೆ ರಸ್ತೆಯ ಬದಿಗೇ ಇದ್ದುದರಿಂದ ಸಂಕ ದಾಟುವ ಅಭ್ಯಾಸವೂ ನನಗಿರಲಿಲ್ಲ. ಒಂದು ಆಟಿ ತಿಂಗಳಲ್ಲಿ ಅವನ ಮನೆಗೆ ಪತ್ರೊಡೆ ತಿನ್ನಲು ಹೊರಟವನು ಸಂಕದ ಅರ್ಧಕ್ಕೆ ಬಂದು ನಿಂತುಬಿಟ್ಟೆ. ಕೆಳಗೆ ಕೆಂಪು ನೀರು ಓಡುತ್ತಿತ್ತು. ನೀರು ನಿಂತಿದೆ, ಸಂಕವೇ ಓಡುತ್ತಿದೆ ಎಂಬ ಭ್ರಮೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಆಗ ಅವನು ಆಚೆ ದಡದಿಂದ ಬಂದ. ನನ್ನ ಕೈಯಲ್ಲಿದ್ದ ಓಲೆಕೊಡೆಯ ಕಾವಿನ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ನಾನು ಬಿಡದಂತೆ ಹೇಳಿ, ನನ್ನ ಕಡೆಗೆ ಮುಖ ಮಾಡಿಕೊಂಡೇ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ನಡೆದ. ತನ್ನ ಕಾಲು ಎಲ್ಲಿ ಬೀಳುತ್ತದೆಂದು ಅವನು ತಿರುಗಿ ನೋಡಲಿಲ್ಲ. ದಡ ಮುಟ್ಟಿದ ಮೇಲೆ, “ಇದು ನಾನು ಕಟ್ಟಿದ್ದು, ಮಾರಾಯ. ನನಗೆ ಗೊತ್ತಿಲ್ಲವೆ?” ಎಂದ. ಆ ಮುಖವೇ ನನ್ನ ಪಾಲಿಗೆ ಉಳಿದಿರುವ ಅವನ ಚಿತ್ರ. ಸಮವಸ್ತ್ರ ತೊಟ್ಟ ಛಾಯಾಚಿತ್ರವೊಂದು ಅವನ ತಂಗಿಯ ಮನೆಯ ಗೋಡೆಯ ಮೇಲಿದೆ. ಅದರಲ್ಲಿರುವವನು ನನಗೆ ಅಷ್ಟು ಪರಿಚಿತನಲ್ಲ.

ನಮ್ಮ ಊರಿನಲ್ಲಿ ಮನೆಯೊಳಗೊಂದು ಭಾಷೆ, ಶಾಲೆಯೊಳಗೊಂದು ಭಾಷೆ. ತುಳು ಆಡುವವರು ಹೆಚ್ಚು; ಬ್ಯಾರಿ, ಕೊಂಕಣಿ, ಮಲಯಾಳಗಳೂ ಪೇಟೆಯಲ್ಲಿ ಕೇಳಿಬರುತ್ತವೆ. ಕನ್ನಡ ನಮಗೆ ಪುಸ್ತಕದ ಭಾಷೆ. ನಾವು ಎರಡನೆಯ ತರಗತಿಯಲ್ಲಿದ್ದಾಗ, ೧೯೫೬ರ ನವೆಂಬರ್ ೧ರಂದು, ನಮ್ಮ ಜಿಲ್ಲೆ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಂದು ಶಾಲೆಯಲ್ಲಿ ಸಕ್ಕರೆ ಹಂಚಿದ್ದಷ್ಟೇ ನನ್ನ ನೆನಪು. ೧೯೬೨ರಲ್ಲಿ ಚೀನದೊಡನೆ ಯುದ್ಧವಾದಾಗ ನಾವು ಹದಿಮೂರರ ಹುಡುಗರು. ಅಂಗಡಿಯೊಂದರಲ್ಲಿದ್ದ ರೇಡಿಯೋದ ಮುಂದೆ ದೊಡ್ಡವರು ಮುಖ ಇಳಿಸಿಕೊಂಡು ನಿಲ್ಲುತ್ತಿದ್ದುದನ್ನು ಕಂಡೆವು. ೧೯೬೫ರ ಯುದ್ಧದ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಅವನು ಶಾಲೆ ಬಿಟ್ಟು ಗದ್ದೆಗೆ ಇಳಿದಿದ್ದ.

ಆ ಗದ್ದೆ ಅವರದಲ್ಲ, ಗೇಣಿಯದು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿಯೆಂದು ಧಣಿಗಳ ಮನೆಗೆ ಅಳೆದು ಕೊಡಬೇಕು. ಮಳೆ ಹೆಚ್ಚಾದರೂ, ಕಮ್ಮಿಯಾದರೂ ಮುಡಿಯ ಲೆಕ್ಕದಲ್ಲಿ ಹೆಚ್ಚುಕಮ್ಮಿಯಿಲ್ಲ. ಎರಡು ವರ್ಷ ಏಣಿಲು ಬೆಳೆ ಕೆಟ್ಟಿತು. ಬಾಕಿ ಬೆಳೆಯಿತು. ಒಕ್ಕಲೆಬ್ಬಿಸುವ ಮಾತು ಬಂತು. ಅವನು ಸೈನ್ಯಕ್ಕೆ ಸೇರಿದ್ದು ಈ ಬಾಕಿಗಾಗಿ. ದೇಶಪ್ರೇಮದ ಮಾತನ್ನು ನಾವು ಸತ್ತ ಸೈನಿಕನ ಬಾಯಲ್ಲಿ ಇಡುವುದು ವಾಡಿಕೆ. ಅವನಿಗೆ ಅದು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ೧೯೬೭ರಲ್ಲಿ ಬಸ್ಸಿಗಾಗಿ ರಸ್ತೆಯ ಬದಿಯಲ್ಲಿ ನಿಂತಿದ್ದಾಗ ಅವನು ಎಣಿಸುತ್ತಿದ್ದುದು ಎಷ್ಟು ತಿಂಗಳ ಸಂಬಳಕ್ಕೆ ಎಷ್ಟು ಮುಡಿ ತೀರುತ್ತದೆಂಬ ಲೆಕ್ಕವನ್ನು. ಇದನ್ನು ಬರೆಯುವುದರಿಂದ ಅವನ ಗೌರವಕ್ಕೆ ಕುಂದಾಗುವುದೆಂದು ನನಗೆ ಅನಿಸುವುದಿಲ್ಲ. ಮನೆಯ ಋಣವನ್ನು ತಲೆಯ ಮೇಲೆ ಹೊತ್ತವನೇ ನಾಡಿನ ಋಣವನ್ನೂ ಹೊರುತ್ತಾನೆ.

ಅವನನ್ನು ಆರಿಸಿಕೊಂಡದ್ದು ಮದ್ರಾಸ್ ಸ್ಯಾಪರ್ಸ್. ೧೭೮೦ರಷ್ಟು ಹಳೆಯ ಪಡೆ. ಹೆಸರು ಮದ್ರಾಸಿನದಾದರೂ ಅದರ ಕೇಂದ್ರ ಬೆಂಗಳೂರಿನ ಹಲಸೂರಿನಲ್ಲಿದೆ. ನಾವು ಬಿಟ್ಟುಬಂದ ಮದರಾಸಿನವರು ಮತ್ತೆ ನಮ್ಮನ್ನು ಕರೆಯುವುದೇಕೆಂದು ಅವನ ತಾಯಿಗೆ ಅರ್ಥವಾಗಲಿಲ್ಲ. ಸ್ಯಾಪರನೆಂದರೆ ಸೈನ್ಯದ ಮೇಸ್ತ್ರಿ. ಸೈನ್ಯಕ್ಕೆ ದಾರಿ ಮಾಡಿಕೊಡುವುದು, ಸೇತುವೆ ಹಾಕುವುದು, ಶತ್ರು ನೆಲದಲ್ಲಿ ಹುಗಿದಿಟ್ಟ ಬಾಂಬುಗಳನ್ನು ತೆಗೆದು ಇತರರು ನಡೆಯುವಂತೆ ಮಾಡುವುದು ಅವನ ಕೆಲಸ. ಇದನ್ನು ನಾನು ಆಕೆಗೆ ತುಳುವಿನಲ್ಲಿ ಹೇಳಿದಾಗ, “ಹಾಗಾದರೆ ಸಂಕ ಕಟ್ಟಲಿಕ್ಕೆ ಹೋದದ್ದಲ್ಲವೆ? ಅದು ಅವನಿಗೆ ಬರುತ್ತದೆ” ಎಂದು ಸಮಾಧಾನಪಟ್ಟರು.

ತಿಂಗಳಿಗೊಂದು ಮನಿಯಾರ್ಡರು ಬರುತ್ತಿತ್ತು. ಆಕೆ ಹೆಬ್ಬೆಟ್ಟು ಒತ್ತುವರು; ನಾನು ಸಾಕ್ಷಿ ಹಾಕುವೆನು. ಮನಿಯಾರ್ಡರಿನ ಹಿಂದೆಯೇ ಕಾಗದ. ತುಳುವನ್ನು ಬರೆಯುವ ರೂಢಿ ನಮ್ಮಲ್ಲಿರಲಿಲ್ಲವಾಗಿ ಅವನು ಕನ್ನಡದಲ್ಲಿ ಬರೆಯುತ್ತಿದ್ದ. ಶಾಲೆಯಲ್ಲಿ ಕಲಿತ ಪತ್ರಲೇಖನದ ಕ್ರಮದಲ್ಲಿಯೇ ‘ತೀರ್ಥರೂಪರಾದ ಮಾತೃಶ್ರೀಯವರಿಗೆ’ ಎಂದು ಆರಂಭ. ಆ ಹೊತ್ತಿಗೆ ನಾನು ಶಿಕ್ಷಕರ ತರಬೇತಿ ಮುಗಿಸಿ, ಹತ್ತಿರದ ಊರಿನ ಕಿರಿಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಭಾನುವಾರ ಅವರ ಮನೆಗೆ ಹೋಗಿ ಕಾಗದ ಓದುವುದು ನನ್ನ ಪಾಲಿನ ಕೆಲಸ. ಓದುವುದೆಂದರೆ ಕನ್ನಡವನ್ನು ತುಳುವಿಗೆ ತಿರುಗಿಸುತ್ತಾ ಹೋಗುವುದು. ಮಾತೃಶ್ರೀ ಎಂಬ ಶಬ್ದ ಬಂದಾಗ ನಾನು ‘ಅಪ್ಪೆ’ ಎನ್ನುತ್ತಿದ್ದೆ. ಆಕೆಯ ಮುಖ ಅರಳುತ್ತಿತ್ತು. ಓದಿ ಮುಗಿದ ಮೇಲೆ ಕಾಗದವನ್ನು ಆಕೆಯ ಕೈಗೆ ಕೊಡುವೆನು. ಒಂದಕ್ಷರವೂ ಬಾರದ ಆಕೆ ಅದನ್ನು ಎರಡು ಕಡೆಯೂ ತಿರುಗಿಸಿ ನೋಡಿ, ಮಡಚಿ, ತಗಡಿನ ಪೆಟ್ಟಿಗೆಯಲ್ಲಿ ಇಡುವರು.

ಆ ಕಾಗದಗಳಲ್ಲಿ ಅವನು ತನ್ನ ಕಷ್ಟವನ್ನು ಬರೆದದ್ದು ನನಗೆ ನೆನಪಿಲ್ಲ. ಬೆಂಗಳೂರಿನ ಚಳಿ, ಕುಚ್ಚಲಕ್ಕಿ ಸಿಗದ ಬೇಸರ, ಕಬ್ಬಿಣದ ತುಂಡುಗಳನ್ನು ಜೋಡಿಸಿ ಕೆಲವೇ ಗಂಟೆಗಳಲ್ಲಿ ನಿಲ್ಲಿಸುವ ಸೇತುವೆಯ ಬೆರಗು, ಇವೇ ವಿಷಯ. ನೆಲಬಾಂಬು ತೆಗೆಯುವುದನ್ನು ಕಲಿತ ವಿಚಾರವನ್ನು ಒಮ್ಮೆ ನನ್ನ ಹೆಸರಿಗೆ ಬೇರೆಯಾಗಿ ಬರೆದಿದ್ದ. ತಾಯಿಗೆ ಹೇಳಬಾರದೆಂದು ತಾಕೀತು. ಹೊಟ್ಟೆಯ ಮೇಲೆ ತೆವಳುತ್ತಾ, ಮೊನೆಯುಳ್ಳ ಕೋಲನ್ನು ಓರೆಯಾಗಿ ನೆಲಕ್ಕೆ ಚುಚ್ಚುತ್ತಾ ಹೋಗಬೇಕು. ನೇರವಾಗಿ ಚುಚ್ಚಿದರೆ ಬಾಂಬಿನ ತಲೆಗೆ ತಾಗುತ್ತದೆ. ಓರೆಯಾಗಿ ಚುಚ್ಚಿದರೆ ಅದರ ಪಕ್ಕಕ್ಕೆ ತಾಗುತ್ತದೆ. ಶುದ್ಧವಾದ ದಾರಿಯ ಎರಡು ಅಂಚುಗಳಿಗೂ ಬಿಳಿಯ ಪಟ್ಟಿಯನ್ನು ಎಳೆಯಬೇಕು. ಹಿಂದಿನಿಂದ ಬರುವವರು ಆ ಪಟ್ಟಿಗಳ ನಡುವೆಯೇ ಬರಬೇಕು. ಸಂಕಕ್ಕೆ ಕೈಬಿದಿರು ಕಟ್ಟಿದ ಹಾಗೆ ಎಂದು ಅವನೇ ಬರೆದಿದ್ದ.

೧೯೭೧ರ ಮಳೆಗಾಲಕ್ಕೆ ಮೊದಲು ರಜೆಯಲ್ಲಿ ಬಂದವನು ಸಂಕವನ್ನು ಹೊಸದಾಗಿ ಕಟ್ಟಿಕೊಟ್ಟು ಹೋದ. ಕುಪ್ಪಳಿಸಿ ನೋಡುವುದನ್ನೂ ಬಿಡಲಿಲ್ಲ. ಗೇಣಿಯ ಬಾಕಿ ಆ ವರ್ಷ ಪೂರ್ತಿ ತೀರಿತ್ತು. ಡಿಸೆಂಬರ್ ೩ರಂದು ಯುದ್ಧ ಆರಂಭವಾಯಿತು. ಹದಿನಾಲ್ಕನೆಯ ದಿನಕ್ಕೆ, ಡಿಸೆಂಬರ್ ೧೬ರಂದು, ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು; ಸೆರೆಸಿಕ್ಕವರು ಸುಮಾರು ೯೩,೦೦೦ ಮಂದಿ. ರೇಡಿಯೋದಲ್ಲಿ ಸುದ್ದಿ ಕೇಳಿದ ಮರುದಿನ ನಾನು ಶಾಲೆಯ ಮಕ್ಕಳಿಗೆ ಬೆಲ್ಲ, ಅವಲಕ್ಕಿ ಹಂಚಿದೆ. ಅವಲಕ್ಕಿಯನ್ನು ಕೊಟ್ಟವರು ಅವನ ತಾಯಿಯೇ. ಮಗ ಇನ್ನು ಬರುತ್ತಾನೆಂದು ಆಕೆ ಭತ್ತ ಹುರಿದು ಕುಟ್ಟಿದ್ದರು.

ಪೂರ್ವದಲ್ಲಿ ವಿಜಯದ ವಾರ್ತೆ ಹೊರಡುವ ಹೊತ್ತಿನಲ್ಲಿ ಪಶ್ಚಿಮದ ಶಕರ್‌ಗಢ ವಲಯದಲ್ಲಿ ಕಾಳಗ ನಡೆಯುತ್ತಲೇ ಇತ್ತು. ಅಲ್ಲಿ ಬಸಂತರ್ ಎಂಬ ಹೊಳೆಯಿದೆ. ನಮ್ಮ ಟ್ಯಾಂಕುಗಳು ಅದನ್ನು ದಾಟಬೇಕಾಗಿತ್ತು. ಹೊಳೆಯ ಆಸುಪಾಸಿನ ನೆಲದಲ್ಲೆಲ್ಲ ಬಾಂಬುಗಳನ್ನು ಹುಗಿದಿದ್ದರು. ಡಿಸೆಂಬರ್ ೧೫ರ ರಾತ್ರಿ ದಾರಿ ಪೂರ್ತಿ ಶುದ್ಧವಾಗುವ ಮೊದಲೇ ಟ್ಯಾಂಕುಗಳು ನುಗ್ಗಬೇಕಾಗಿ ಬಂತು. ಮರುದಿನ ಅಲ್ಲಿ ಹೋರಾಡಿ ಮಡಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲನ ಹೆಸರನ್ನು ಓದುಗರು ಕೇಳಿದ್ದಾರೆ; ಅವನಿಗೆ ಪರಮವೀರ ಚಕ್ರ ಬಂತು. ಅವನ ಟ್ಯಾಂಕಿಗೆ ಮುಂದಾಗಿ ಹೊಟ್ಟೆಯ ಮೇಲೆ ತೆವಳಿದ ಸ್ಯಾಪರುಗಳ ಹೆಸರನ್ನು ಕೇಳಿದವರು ಕಡಿಮೆ. ಅವರಲ್ಲಿ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮರಣಾನಂತರ ಮಹಾವೀರ ಚಕ್ರ ದೊರೆಯಿತು. ನನ್ನ ಮೇಸ್ತ್ರಿ ಬಿದ್ದದ್ದು ಆ ವಲಯದಲ್ಲಿ, ಅಂಥದೇ ಒಂದು ದಾರಿಯಲ್ಲಿ. ಬಾಂಬು ಸಿಡಿದು ಅಲ್ಲ. ದೂರದಿಂದ ಬಂದ ಫಿರಂಗಿಯ ಗುಂಡು ಹತ್ತಿರ ಸಿಡಿದು. ಅವನ ಸಂಗಾತಿಯೊಬ್ಬ ಅನಂತರ ಬರೆದ ಕಾಗದದಿಂದ ನಮಗೆ ಇಷ್ಟು ತಿಳಿಯಿತು. ಅವನ ಕೈಯಲ್ಲಿ ಬಿಳಿಯ ಪಟ್ಟಿಯ ಸುರುಳಿಯಿತ್ತಂತೆ.

ಇದುವರೆಗೆ ಬರೆದದ್ದು ಊರಿನಲ್ಲಿ ಹಿರಿಯರು ಹಲವರಿಗೆ ಗೊತ್ತಿರುವ ಸಂಗತಿ. ಯಾರಿಗೂ ಗೊತ್ತಿಲ್ಲದ ಒಂದನ್ನು ಈಗ ಬರೆಯಬೇಕು.

ತಂತಿ ಬಂದದ್ದು ಯುದ್ಧ ನಿಂತು ನಾಲ್ಕು ದಿನಗಳಾದ ಮೇಲೆ. ಅಂಚೆಯವನು ಅದನ್ನು ನೇರವಾಗಿ ಆ ಮನೆಗೆ ಒಯ್ಯಲಿಲ್ಲ. ಇಂಗ್ಲಿಷಿನಲ್ಲಿರುವುದನ್ನು ಅಲ್ಲಿ ಓದುವವರಿಲ್ಲವೆಂದು ಅವನಿಗೆ ಗೊತ್ತಿತ್ತು. ಸಂಜೆ ಶಾಲೆ ಬಿಟ್ಟು ಬರುತ್ತಿದ್ದ ನನ್ನನ್ನು ರಸ್ತೆಯಲ್ಲಿ ತಡೆದು ನನ್ನ ಕೈಗೆ ಕೊಟ್ಟು, ತಲೆ ತಗ್ಗಿಸಿಕೊಂಡು ಹೋದ. ಎರಡು ಸಾಲು. ಅದನ್ನು ಹಿಡಿದುಕೊಂಡು ನಾನು ಸಂಕ ದಾಟಿದೆ. ಆಕೆ ಅಂಗಳದಲ್ಲಿ ಅಡಕೆ ಒಣಹಾಕಿದ್ದರು. ನನ್ನ ಕೈಯ ಕಾಗದವನ್ನು ಕಂಡು, “ಭಾನುವಾರ ಅಲ್ಲವಲ್ಲ ಮಗಾ, ಇವತ್ತೇ ಬಂತೇ?” ಎಂದು ಜಗಲಿಯ ಮೇಲೆ ಕುಳಿತರು.

ಇಂಗ್ಲಿಷನ್ನು ಕನ್ನಡಕ್ಕೂ ಕನ್ನಡವನ್ನು ತುಳುವಿಗೂ ತಿರುಗಿಸುವುದು ನನ್ನ ಉದ್ಯೋಗ. ಆದರೆ ಆ ಎರಡು ಸಾಲು ನನ್ನ ನಾಲಗೆಯಿಂದ ತುಳುವಾಗಿ ಹೊರಬೀಳಲಿಲ್ಲ. ಅವನಿಗೆ ಗಾಯವಾಗಿದೆಯೆಂದೂ, ಆಸ್ಪತ್ರೆಯಲ್ಲಿದ್ದಾನೆಂದೂ, ಇನ್ನೊಂದು ಕಾಗದ ಬರುತ್ತದೆಂದೂ ಹೇಳಿದೆ. ಒಂದು ರಾತ್ರಿಯಾದರೂ ಆಕೆ ಮಲಗಲಿ, ನಾಳೆ ಊರಿನ ಹಿರಿಯರನ್ನು ಕರೆದುಕೊಂಡು ಬಂದು ಹೇಳೋಣವೆಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವನ್ನು ಹೇಳಿದರೆ, ಅದು ದಯೆಯಲ್ಲ, ಹೇಡಿತನ. ಸಂಕದ ನಡುವೆ ನಿಂತುಬಿಟ್ಟವನೇ ಮತ್ತೆ ಅಲ್ಲಿ ನಿಂತಿದ್ದ. ಈ ಸಲ ಕೊಡೆಯ ತುದಿ ಹಿಡಿದು ದಾಟಿಸುವವನಿರಲಿಲ್ಲ.

ಆಕೆ ಏನೂ ಕೇಳಲಿಲ್ಲ. ಯಾವ ಆಸ್ಪತ್ರೆ, ಎಂಥ ಗಾಯ, ಒಂದನ್ನೂ ಕೇಳಲಿಲ್ಲ. ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಹೋದರು. ಮರುದಿನ ಬೆಳಿಗ್ಗೆ ನಾನು ಇಬ್ಬರು ಹಿರಿಯರೊಡನೆ ಹೋದಾಗ ಅಂಗಳದ ಅಡಕೆ ರಾತ್ರಿಯ ಮಂಜಿನಲ್ಲಿ ಹಾಗೆಯೇ ಬಿದ್ದಿತ್ತು. ಆಕೆ ಜಗಲಿಯ ಅದೇ ಜಾಗದಲ್ಲಿ ಕುಳಿತಿದ್ದರು. ನಾವು ಬಾಯಿ ತೆರೆಯುವ ಮೊದಲೇ ನನ್ನನ್ನು ನೋಡಿ ಹೇಳಿದರು: “ಯಾವಾಗಲೂ ಓದಿ ಆದ ಮೇಲೆ ಕಾಗದ ನನ್ನ ಕೈಗೆ ಕೊಡುತ್ತಿದ್ದೆ, ಮಗಾ. ನಿನ್ನೆ ಕಿಸೆಗೆ ಹಾಕಿಕೊಂಡೆ.”

ಆಕೆ ಅದನ್ನು ಯಾರ ಮುಂದೆಯೂ ಮತ್ತೆ ಎತ್ತಲಿಲ್ಲ. ಜೊತೆಗಿದ್ದ ಹಿರಿಯರಿಬ್ಬರಿಗೆ ಆ ಮಾತಿನ ಅರ್ಥವಾಗಲಿಲ್ಲ, ಅವರೂ ಈಗಿಲ್ಲ. ಒಂದು ರಾತ್ರಿಯನ್ನು ಆಕೆಗೆ ಕೊಟ್ಟೆನೆಂದು ನಾನು ತಿಳಿದಿದ್ದೆ. ಮಗ ಸತ್ತನೆಂದು ತಿಳಿದೂ ಅಳುವುದಕ್ಕೆ ಜೊತೆಯಿಲ್ಲದ ಒಂದು ರಾತ್ರಿಯನ್ನು ನಾನು ಕೊಟ್ಟಿದ್ದು. ಆ ತಂತಿಯನ್ನು ಆಕೆಗೆ ಕೊಡುವ ಧೈರ್ಯ ನನಗೆ ಮುಂದೆಯೂ ಬರಲಿಲ್ಲ. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ನನ್ನ ಮೇಜಿನ ಸೆಳೆಖಾನೆಯಲ್ಲಿತ್ತು. ೨೦೧೩ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆಯೇ ನಿಂತುಹೋಯಿತೆಂಬ ಸುದ್ದಿಯನ್ನು ಓದಿದ ದಿನ ಅದನ್ನು ಹೊರಗೆ ತೆಗೆದು ನೋಡಿ, ಮತ್ತೆ ಒಳಗಿಟ್ಟೆ.

ಅವನು ಹೋದ ಎರಡು ವರ್ಷ ಎರಡೂವರೆ ತಿಂಗಳಿಗೆ, ೧೯೭೪ರ ಮಾರ್ಚ್ ೧ರಂದು, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಸರಕಾರದ ಕಾಲ. ಗೇಣಿಯ ಪದ್ಧತಿ ರದ್ದಾಯಿತು. ಉಳುವವರು ಭೂ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕೆಂದಾಯಿತು. ಆಕೆಯ ಅರ್ಜಿಯನ್ನು ಬರೆದವನು ನಾನು. ಗದ್ದೆ ಆಕೆಯ ಹೆಸರಿಗಾಯಿತು. ಯಾವ ಮುಡಿಯ ಬಾಕಿಗಾಗಿ ಅವನು ಬಸ್ಸು ಹತ್ತಿದನೋ ಆ ಮುಡಿಯೇ ಇಲ್ಲವಾಯಿತು. ನಾನು ಈ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಆಕೆಯೇ ಹೇಳಿದರು. “ಇನ್ನು ಸ್ವಲ್ಪ ಮೊದಲೇ ಬರಬಹುದಿತ್ತು, ಈ ಕಾನೂನು” ಎಂದು, ಮಳೆಯ ವಿಚಾರ ಮಾತಾಡುವಂತೆ, ಅಷ್ಟೇ.

ಸತ್ತವರನ್ನು ನೆನೆಯುವುದಕ್ಕೆ ತುಳುನಾಡಿನಲ್ಲಿ ಆಟಿ ತಿಂಗಳೆಂದಿದೆ. ಹೊರಗೆ ಮಳೆ ಹೊಯ್ಯುತ್ತಿರುವಾಗ ಒಳಗೆ ಬಾಳೆಲೆ ಹಾಕಿ ಹೋದವರಿಗೆ ಬಡಿಸುತ್ತೇವೆ. ಮದುವೆಯಾಗದೆ ತೀರಿಕೊಂಡವರಿಗೆ ಮದುವೆ ಮಾಡಿಸುವ ಪದ್ಧತಿಯೂ ಉಂಟು; ಕುಲೆ ಮದುವೆಯೆನ್ನುತ್ತಾರೆ. ಹಾಗೆಯೇ ತೀರಿಹೋದ ಒಂದು ಹೆಣ್ಣನ್ನು ಹುಡುಕಿ, ಎರಡು ಮನೆಯವರೂ ಕೂತು ನಿಶ್ಚಯ ಮಾಡಿ, ಸೀರೆ ಪಂಚೆಗಳನ್ನಿಟ್ಟು ಶಾಸ್ತ್ರ ಮುಗಿಸಿ ಊಟ ಬಡಿಸುತ್ತಾರೆ. ೧೯೭೯ರ ಆಟಿಯಲ್ಲಿ ಆಕೆ ಮಗನಿಗೆ ಮದುವೆ ಮಾಡಿದರು. ಗಂಡಿನ ಕಡೆಯವನಾಗಿ ನಾನೂ ಹೋಗಿದ್ದೆ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಕ್ರಮಪ್ರಕಾರ ಹುಡುಗನ ಪ್ರಾಯವೆಷ್ಟೆಂದು ಕೇಳಿದರು. ನಾನು ಇಪ್ಪತ್ತೆರಡೆಂದು ಹೇಳಲು ಹೊರಟೆ. ಅಷ್ಟರಲ್ಲಿ ಆಕೆ, “ಮೂವತ್ತು ಆಯಿತು” ಎಂದರು.

ಆ ಉತ್ತರವನ್ನು ನಾನು ಅನೇಕ ಸಲ ಆಲೋಚಿಸಿದ್ದೇನೆ. ನಾನು ಬೆಳೆಯುತ್ತಾ ಬಂದೆ, ಅವನನ್ನು ಹುಡುಗನನ್ನಾಗಿಯೇ ಅಲ್ಲಿ ಬಿಟ್ಟು ಬಂದೆ. ತಾಯಿ ಹಾಗೆ ಬಿಡಲಿಲ್ಲ. ವರ್ಷಕ್ಕೆ ಒಂದರಂತೆ ಅವನಿಗೂ ಪ್ರಾಯ ಕೂಡಿಸುತ್ತಾ ಬಂದಿದ್ದರು.

ನಮ್ಮ ನಾಡಿಗೆ ಕಾಳಗದಲ್ಲಿ ಬಿದ್ದವರನ್ನು ನೆನೆಯುವ ಕ್ರಮ ಹೊಸದಲ್ಲ. ಕನ್ನಡದ ಮೊದಲ ಶಾಸನವೆಂದು ಬಹುಕಾಲದಿಂದ ನಾವು ಪಾಠ ಹೇಳುತ್ತ ಬಂದ ಹಲ್ಮಿಡಿ ಶಾಸನ, ಯುದ್ಧದಲ್ಲಿ ಪರಾಕ್ರಮ ತೋರಿದ ವ್ಯಕ್ತಿಯೊಬ್ಬನಿಗೆ ಬಾಳ್ಗಳ್ಚಾಗಿ ಭೂಮಿ ಬಿಟ್ಟುಕೊಟ್ಟ ಲೇಖ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು ಅರಸನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದು, ಅದು ಹಂದಿಯೊಡನೆ ಸೆಣಸಿ ಸತ್ತಾಗ ಆತಕೂರಿನಲ್ಲಿ ಅದಕ್ಕೂ ಕಲ್ಲು ನಿಲ್ಲಿಸಿದ. ಅದು ಹತ್ತನೆಯ ಶತಮಾನದ ಮಾತು. ನಮ್ಮ ತುಳುನಾಡಿನಲ್ಲಿ ಎಣ್ಮೂರಿನ ಕಾಳಗದಲ್ಲಿ ಮಡಿದ ಕೋಟಿ ಚೆನ್ನಯರಿಗೆ ಗರಡಿಗಳಿವೆ. ಚಿಕ್ಕಂದಿನಲ್ಲಿ ನಾನೂ ಮೇಸ್ತ್ರಿಯೂ ಗರಡಿಯ ನೇಮಕ್ಕೆ ಹೋಗಿ ನಿದ್ದೆಗೆಟ್ಟು ಕೂತದ್ದುಂಟು. ಬಾಣ ತಾಗಿ ಕೋಟಿ ಬಿದ್ದಾಗ ಚೆನ್ನಯನೂ ತಲೆಯನ್ನು ಬಂಡೆಗೆ ಅಪ್ಪಳಿಸಿಕೊಂಡು ಪ್ರಾಣ ಬಿಟ್ಟನೆಂದು ಪಾಡ್ದನ ಹೇಳುತ್ತದೆ. ಪಾಡ್ದನದ ನ್ಯಾಯ ಬಾಳಿನಲ್ಲಿ ನಡೆಯುವುದಿಲ್ಲ. ಗೆಳೆಯ ಬಿದ್ದ, ನಾನು ಮದುವೆಯಾದೆ, ಪಿಂಚಣಿ ಪಡೆದೆ, ಮೊಮ್ಮಕ್ಕಳನ್ನು ಎತ್ತಿಕೊಂಡೆ.

ಕಲ್ಲೂ ಗರಡಿಯೂ ಸಿಗುವುದಕ್ಕೆ ಮೊದಲು ಬಿದ್ದವನ ಕಥೆ ಯಾರಿಗಾದರೂ ಗೊತ್ತಿರಬೇಕು. ಘಟ್ಟದ ಮೇಲಿನ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಸಂಗತಿಯನ್ನು ನೋಡಿ. ಸ್ಕ್ವಾಡ್ರನ್ ಲೀಡರರಾಗಿದ್ದ ಅವರು ೧೯೬೫ರ ಸೆಪ್ಟೆಂಬರ್ ೭ರಂದು ಸರ್ಗೋಧಾದ ಮೇಲಿನ ದಾಳಿಗೆ ಹೋದವರು ಹಿಂತಿರುಗಲಿಲ್ಲ. ತಮ್ಮ ಹಳೆಯ ಮಿಸ್ಟೆಯರ್ ವಿಮಾನದಿಂದ, ಅದಕ್ಕಿಂತ ಎಷ್ಟೋ ವೇಗವುಳ್ಳ ಶತ್ರುವಿನ ಸ್ಟಾರ್‌ಫೈಟರನ್ನು ಕೆಡವಿದ್ದರೆಂಬ ಸಂಗತಿ ನಮ್ಮವರಿಗೆ ತಿಳಿಯಲೇ ಇಲ್ಲ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ೧೯೭೯ರಲ್ಲಿ ಪಾಕಿಸ್ತಾನದ ಕಡೆಯ ಯುದ್ಧವೃತ್ತಾಂತವನ್ನು ಪ್ರಕಟಿಸಿದ ಮೇಲೆ ಅದು ಬೆಳಕಿಗೆ ಬಂತು. ಮಹಾವೀರ ಚಕ್ರ ಬಂದದ್ದು ೧೯೮೮ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ. ಕಂಡವನು ಶತ್ರುವಾದರೂ ಬಾಯಿಬಿಟ್ಟು ಹೇಳಿದ್ದರಿಂದ ಅವರ ಕಥೆ ಉಳಿಯಿತು. ಕಂಡೂ ಹೇಳದೆ ಕೂತ ಗೆಳೆಯ ಅವನಿಗಿಂತ ಕಡೆಯಲ್ಲವೇ ಎಂದು ನನಗೆ ಅನಿಸಿದ್ದುಂಟು.

ಆ ತಾಯಿ ೧೯೯೩ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಪ್ರತಿ ಆಟಿಯಲ್ಲಿಯೂ ಎಲೆ ಹಾಕಿ ಬಡಿಸಿದ ಮೇಲೆ ಆಕೆ ತಗಡಿನ ಪೆಟ್ಟಿಗೆಯನ್ನು ನನ್ನ ಮುಂದೆ ಇಡುತ್ತಿದ್ದರು. ನಾನು ಒಂದು ಕಾಗದವನ್ನು ಓದುತ್ತಿದ್ದೆ. ಹಲವು ಆಕೆಗೆ ಬಾಯಿಪಾಠವಾಗಿದ್ದವು. ನಾನು ತುಳುವಿನಲ್ಲಿ ಒಂದು ಶಬ್ದ ಬದಲಾಯಿಸಿದರೂ ತಿದ್ದುತ್ತಿದ್ದರು. ಪೆಟ್ಟಿಗೆ ಈಗ ಅವನ ತಂಗಿಯ ಮನೆಯಲ್ಲಿದೆ.

ದೆಹಲಿಯಲ್ಲಿ ೨೦೧೯ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರೆ. ನನ್ನ ಮೊಮ್ಮಗಳು ಅಲ್ಲಿಗೆ ಹೋದವಳು ಹುಡುಕಿ ಅವನ ಹೆಸರಿನ ಕಲ್ಲಿನ ಚಿತ್ರವನ್ನು ಕಳುಹಿಸಿದಳು. ಮುತ್ತಿಗೆಯಂತೆ ಸುತ್ತಿಕೊಂಡ ಕಲ್ಲುಗಳ ನಡುವೆ ಒಂದು ಕಲ್ಲು. ಸರಿಯಾಗಿಯೇ ಇದೆ, ಸರಕಾರ ತನ್ನ ಕರ್ತವ್ಯವನ್ನು ಮಾಡಿದೆ. ಆದರೆ ಸಂಕದ ಮೇಲೆ ಹಿಂದುಹಿಂದಕ್ಕೆ ನಡೆದವನ ವಿಚಾರ ಕಲ್ಲಿಗೆ ಗೊತ್ತಿಲ್ಲ. ಅದು ನನ್ನೊಬ್ಬನಿಗೆ ಗೊತ್ತು. ನನಗೆ ಎಪ್ಪತ್ತೈದು ದಾಟಿತು.

ಅದೇ ವರ್ಷದ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆಯಿಂದ ಬಂದ ನೆರೆ ನಮ್ಮ ಸುತ್ತಿನ ತೋಟಗದ್ದೆಗಳಿಗೆ ಮರಳನ್ನೂ ಬುಡಮೇಲಾದ ಮರಗಳನ್ನೂ ತಂದು ತುಂಬಿತು. ಅವನ ಮನೆಯೆದುರಿನ ತೋಡಿಗೆ ಎಂದೋ ಹಾಕಿದ್ದ ಸಿಮೆಂಟಿನ ಕಾಲುಸೇತುವೆಯೂ ಹೋಯಿತು. ಹೊಸತು ಆಗುವವರೆಗೆ ಊರಿನ ಹುಡುಗರು ಅಡಕೆಮರದ ಸಂಕ ಹಾಕಿದ್ದರು. ಬಳ್ಳಿಗೆ ಬದಲಾಗಿ ನೈಲಾನ್ ಹಗ್ಗ, ಉಳಿದದ್ದೆಲ್ಲ ಹಿಂದಿನಂತೆಯೇ. ನಾನು ದಡದಲ್ಲಿ ನಿಂತು ನೋಡಿದೆ, ದಾಟಲಿಲ್ಲ.

ಕಳೆದ ಆಟಿಯಲ್ಲಿ ತಂತಿಯನ್ನು ಕಿಸೆಯಲ್ಲಿಟ್ಟುಕೊಂಡು ಅವನ ತಂಗಿಯ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ತಂಗಿಗೂ ಈಗ ಎಪ್ಪತ್ತು ಕಳೆದಿದೆ. ಬಹಳ ಹೊತ್ತು ಮಾತಾಡದೆ ಕುಳಿತು, ಕೊನೆಗೆ, “ಅಮ್ಮ ನನಗೆ ಹೇಳಿದ್ದರು, ಅಣ್ಣ. ಅವನಿಗೆ ಹೇಳಲಿಕ್ಕೆ ಆಗಲಿಲ್ಲ ಪಾಪ, ನೀನು ಕೇಳಬೇಡ ಎಂದಿದ್ದರು” ಎಂದಳು. ಪೆಟ್ಟಿಗೆಯನ್ನು ತಂದಳು. ಕಾಗದಗಳ ಕೆಳಗೆ, ಎಲ್ಲಕ್ಕೂ ಅಡಿಯಲ್ಲಿ, ತಂತಿಯನ್ನು ಇಟ್ಟೆ.

ಅವಳ ಮೊಮ್ಮಗ, ಆರನೆಯ ತರಗತಿಯ ಹುಡುಗ, ಪಕ್ಕದಲ್ಲಿ ನಿಂತಿದ್ದ. ಮೇಲಿನ ಕಾಗದವನ್ನು ಎತ್ತಿಕೊಂಡು ಅಕ್ಷರ ಕೂಡಿಸಿ ಓದಲು ನೋಡಿದ. ‘ತೀರ್ಥರೂಪರಾದ’ ಎಂಬಲ್ಲಿಯೇ ಅವನ ಕನ್ನಡ ಎಡವಿತು. ನಾನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲಿನಂತೆಯೇ ತುಳುವಿಗೆ ತಿರುಗಿಸುತ್ತ ಓದಿದೆ. ಕೊನೆಯವರೆಗೂ ಕೇಳಿದ. ಮುಗಿದ ಮೇಲೆ ಕಾಗದವನ್ನು ಅವನ ಕೈಗೆ ಕೊಟ್ಟೆ.

“ಅಜ್ಜಾ, ಆ ಸಂಕ ಎಲ್ಲಿತ್ತು?” ಎಂದು ಕೇಳಿದ.

ಮಳೆ ಸ್ವಲ್ಪ ಹೊಳವಾಗಿತ್ತು. ಕೊಡೆ ಹಿಡಿದುಕೊಂಡು ಇಬ್ಬರೂ ತೋಡಿನ ಕಡೆಗೆ ಹೊರಟೆವು.